ಒಕ್ಕಣೆಯ ಕಾಲದ ಗಾಳಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಆಸುಪಾಸಿನ ಬಯಲುಸೀಮೆಯಲ್ಲಿ ಮುಂಗಾರಿನ ನೈಋತ್ಯ ಮಾರುತವು ಬಲವಾಗಿ ಬೀಸಿ ಧೂಳನ್ನು ಚದುರಿಸುತ್ತದೆಯಾದರೂ, ರಾಗಿ ಒಕ್ಕಣೆ ನಡೆಯುವ ಮಾಗಿಯಲ್ಲಿ ನೆಲಕ್ಕೆ ತಾಗಿದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವು ಮುಚ್ಚಳದಂತೆ ಕೂರುವ ‘ತಾಪ ವಿಲೋಮ’ದಿಂದಾಗಿ, ಹೊಟ್ಟಿನ ಧೂಳೂ ಒಲೆಯ ಹೊಗೆಯೂ ಬಿಸಿಲೇರುವವರೆಗೆ ಮೇಲೇಳದೆ ನಿಲ್ಲುತ್ತವೆ. ರಸ್ತೆಗೆ ಹರಡಿದ ತೆನೆಯನ್ನು ವಾಹನದ ಚಕ್ರಗಳೇ ತುಳಿಯುವಲ್ಲಿ ಸುಂಕು ಸವಾರನ ಕಣ್ಣಿಗೂ ತೂರುವವಳ ಮೂಗಿಗೂ ಒಟ್ಟಿಗೇ ಸೇರುತ್ತದೆ. ಇದನ್ನು ಸುಗ್ಗಿಯ ಸಹಜ ಸಂಗತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಇಂಥ ಧೂಳು-ಹೊಗೆಯಲ್ಲಿ ಬೆರೆತಿರುವ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್ ಮೀರದ ಕಣವು, ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದಲೇ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡವು ಅದರ ದಿನದ ಸರಾಸರಿ ಮಿತಿಯನ್ನು ಘನ ಮೀಟರಿಗೆ 60 ಮೈಕ್ರೋಗ್ರಾಂ ಎಂದು ಗೊತ್ತುಪಡಿಸಿದೆ. ಒಕ್ಕಣೆಯನ್ನು ರಸ್ತೆಯಿಂದ ದೂರದ ಕಣಕ್ಕೆ ಒಯ್ದು, ತೂರುವ ಕೆಲಸವನ್ನು ಹೊತ್ತೇರಿದ ಮೇಲೆ ಇಟ್ಟುಕೊಳ್ಳುವುದು ರೈತರಿಗೆ ಒಳಿತು.