ಸತ್ತ ಗುಂಡೋ, ಮಲಗಿದ ಗುಂಡೋ?

(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು ಹೊಟೇಲಿನಲ್ಲಿ ಲೋಟ ತೊಳೆದವನು. ಆ ಹೊಟೇಲಿನ ಗಲ್ಲಾಪೆಟ್ಟಿಗೆಯ ಬಳಿ ಊದುಬತ್ತಿ ನಿಲ್ಲಿಸುವ ಹಿತ್ತಾಳೆಯ ಪಾತ್ರೆಯೊಂದಿತ್ತು. ನಿಜಕ್ಕೂ ಅದು ತೋಪಿನ ಖಾಲಿ ತೋಟಾ. ಪ್ರತಿ ಶುಕ್ರವಾರ ಹುಣಸೆಹುಳಿ, ಇಟ್ಟಿಗೆಪುಡಿ ಹಾಕಿ ತಿಕ್ಕುವುದು ನನ್ನ ಪಾಲಿನ ಕೆಲಸ. ತಳದಲ್ಲಿದ್ದ ಅಕ್ಷರಗಳು ನನ್ನ ಕೈಯಿಂದಲೇ ಸವೆದು ಮಸುಕಾದವು. ಒಂದು ದಿನ ಅಡಿಗೆಯ ಭಟ್ಟರು, "ಮಾಣಿ, ಅದು ನಮ್ಮ ಅಪ್ಪಯ್ಯ ಡಾಕಿನಲ್ಲಿ ಕೂಲಿ ಮಾಡುವಾಗ ತಂದದ್ದು" ಎಂದರು. ಎಂದು, ಹೇಗೆ ಎಂದು ನಾನು ಕೇಳಲಿಲ್ಲ. ಭಟ್ಟರು ಊರಿಗೆ ಹೋದವರು ಮರಳಲಿಲ್ಲ. ಅಕ್ಷರವೂ ಹೋಯಿತು, ಕಥೆಯೂ ಹೋಯಿತು.

ಡಾಕಿನ ಕಥೆ ಸಣ್ಣದಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟೈಕಿನ್' ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯ ಮೂಟೆಗಳು, ಚಿನ್ನದ ಗಟ್ಟಿಗಳು, ಜೊತೆಗೆ ಸುಮಾರು 1,400 ಟನ್ ಸಿಡಿಮದ್ದು. ಸಂಜೆ ನಾಲ್ಕು ದಾಟಿದ ಮೇಲೆ ಎರಡು ಬಾರಿ ಸಿಡಿಯಿತು. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರೂ ಸತ್ತರು. ಬೈಕಲಾದಲ್ಲಿ ಅವರ ಸ್ಮಾರಕವಿದೆ. ಚಿನ್ನದ ಲೆಕ್ಕವನ್ನು ಗಟ್ಟಿಗಟ್ಟಿಯಾಗಿ ಇಟ್ಟರು. ಸತ್ತ ಕೂಲಿಗಳ ಲೆಕ್ಕ ಇಂದಿಗೂ ಅಂದಾಜಿನದೇ. ಆದ್ದರಿಂದ ಬಡವರ ಮನೆಯ ಇಂಥ ವಸ್ತುವನ್ನು ಉಳಿಸಬೇಕೆನ್ನುತ್ತೇನೆ.

ಆದರೆ ಮೊದಲು ಜೀವ. ಅದೇ ಡಾಕಿನಲ್ಲಿ 2011ರಲ್ಲಿ ಹೂಳೆತ್ತುವಾಗ 45 ಕಿಲೋ ತೂಕದ ಜೀವಂತ ಷೆಲ್ ಸಿಕ್ಕಿತು. ಅರವತ್ತೇಳು ವರುಷ ನೀರಲ್ಲಿ ನೆನೆದರೂ ಅದು ಸತ್ತಿರಲಿಲ್ಲ! ಕಬ್ಬಿಣ ತುಕ್ಕು ಹಿಡಿಯುತ್ತದೆ, ಒಳಗಿನ ಮದ್ದು ಹಾಗೇ ಇರುತ್ತದೆ. ಕೆಲವು ಮದ್ದು ಹಳೆಯದಾದಷ್ಟೂ ಹೆಚ್ಚು ಮುಂಗೋಪಿ. 2004ರಲ್ಲಿ ಗಾಜಿಯಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುಜರಿಯೊಡನೆ ಬಂದ ಷೆಲ್ ಸಿಡಿದು ಕಾರ್ಮಿಕರು ಸತ್ತರು. ಗುಜರಿ ಒಡೆಯುವ ನಮ್ಮ ಹುಡುಗರು ಇದನ್ನು ಮರೆಯಬಾರದು.

ಗುರುತು ಹೇಗೆ? ತೋಟಾ ಬೇರೆ, ಷೆಲ್ ಬೇರೆ. ಖಾಲಿ ತೋಟಾ ಎಂದರೆ ದೊಡ್ಡ ಲೋಟದ ಹಾಗೆ ಬಾಯಿ ತೆರೆದ ಹಿತ್ತಾಳೆ. ತಳದವರೆಗೂ ಕಣ್ಣಿಗೆ ಕಾಣುತ್ತದೆ. ಷೆಲ್ ಎಂದರೆ ಹಾರಿಹೋಗುವ ಚೂಪು ತಲೆಯ ಉಕ್ಕಿನ ಗುಂಡು. ಮದ್ದು ಅದರ ಹೊಟ್ಟೆಯಲ್ಲಿ. ತೋಟಾದ ತಳದ ನಡುವೆ ಕೇಪು ಇರುತ್ತದೆ. ಹಾರಿಸಿದ್ದರೆ ಅದರಲ್ಲಿ ಕುಳಿ ಕಾಣಬಹುದು. ಬ್ರಿಟಿಷರ ಯುದ್ಧಕಾಲದ ಷೆಲ್ಲಿನ ಮೂಗಿನ ಬಳಿ ಕೆಂಪು ಪಟ್ಟಿ ಇದ್ದರೆ ಮದ್ದು ತುಂಬಿದೆ ಎಂದು ಅರ್ಥ. ಕವಾಯತಿನ ಡಮ್ಮಿಗೆ ಪಕ್ಕದಲ್ಲಿ ತೂತು ಕೊರೆದಿರುವುದುಂಟು.

ಇಷ್ಟು ಕೇಳಿ ಯಾರೂ ಪಂಡಿತರಾಗಬೇಡಿ. ಬಣ್ಣ ಅಳಿಸಿಹೋಗುತ್ತದೆ, ಕುಳಿ ಬಿದ್ದ ಕೇಪೂ ಹಾರದೆ ಉಳಿದಿರಬಹುದು, ತೂತಿನ ಹಿಂದೆಯೂ ಮದ್ದು ಇರಬಹುದು. ಷೆಲ್, ಕೈಬಾಂಬು, ಬಾಯಿ ಮುಚ್ಚಿದ ತೋಟಾ ಕಂಡರೆ ಎತ್ತಬೇಡಿ, ಕೆರೆಯಬೇಡಿ, ಕೊರೆಯಬೇಡಿ, ಬಿಸಿ ತಾಗಿಸಬೇಡಿ. ಜನರನ್ನು ದೂರ ಸರಿಸಿ 112ಕ್ಕೆ ಫೋನು ಮಾಡಿ. ಸತ್ತಿದೆ ಎಂದು ಹೇಳುವ ಅಧಿಕಾರ ಬಾಂಬ್ ನಿಷ್ಕ್ರಿಯ ದಳದ್ದು. ನಮ್ಮದೂ ಅಲ್ಲ, ಭಂಗಾರ್‌ವಾಲಾನದೂ ಅಲ್ಲ.

ಅವರು ನಿರಪಾಯವೆಂದು ಹೇಳಿ, ಇಟ್ಟುಕೊಳ್ಳಬಹುದೆಂದು ಪೊಲೀಸು ಠಾಣೆ ಒಪ್ಪಿದ ಮೇಲೆ ಜೋಪಾನದ ಮಾತು. ಹುಣಸೆಹುಳಿ ಬೇಡ. ಹಿತ್ತಾಳೆ ಕಪ್ಪಾದರೆ ಕಪ್ಪಾಗಲಿ, ಅದು ಅದರ ವಯಸ್ಸು. ಒಣಬಟ್ಟೆಯಿಂದ ಒರಸಿ, ನಮ್ಮ ಮಳೆಗಾಲದ ತೇವ ತಾಗದಂತೆ ಇಡಿ. ತಳದ ಇಸವಿ, ಬಾಣದ ಗುರುತು, ಅಕ್ಷರ ಎಲ್ಲವನ್ನೂ ಬರೆದುಕೊಳ್ಳಿ. ಬಾಣವೆಂದರೆ ಬ್ರಿಟಿಷ್ ಸರಕಾರದ ಸ್ವತ್ತು. '25 ಪಿಆರ್' ಎಂದಿದ್ದರೆ 25 ಪೌಂಡರ್ ತೋಪಿನದು.

ಕೊನೆಯದಾಗಿ, ಒಂದು ಚೀಟಿಯಲ್ಲಿ ಬರೆದಿಡಿ: ತಂದವರು ಯಾರು, ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದರು. ಮನೆಯ ಮುದುಕರನ್ನು ಇಂದೇ ಕೇಳಿ. ನಾನು ಕೇಳದೆ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ.