ಗಾಳಿಯ ಕೂಸು

ಮುಂಗಾರು ಹಿಡಿಯುವ ಹೊತ್ತಿನಲ್ಲಿ, ಎಂದರೆ ಮೇ ಜೂನ್ ತಿಂಗಳುಗಳಲ್ಲಿ, ಕೊಡಗು ಶಿವಮೊಗ್ಗಗಳ ಕಾಡುದಾರಿಯಲ್ಲಿ ಹೋದವರು ಮರದ ಕೊಂಬೆಗಳಿಂದ ಬಿಳುಪೂ ನಸುಗೆಂಪೂ ಬೆರೆತ ನೀಳವಾದ ಹೂಗೊಂಚಲುಗಳು ಜೋಲುತ್ತಿರುವುದನ್ನು ಕಂಡಿರಬಹುದು. ಒಮ್ಮೊಮ್ಮೆ ಹೂವು ಕಣ್ಣಿಗೆ ಬೀಳುವ ಮೊದಲೇ ಅದರ ಕಂಪು ಬಂದು ಮುಟ್ಟುವುದು. ಮಲೆನಾಡಿನಲ್ಲಿ ಇಂಥ ಮರಹೂಗಳಿಗೆ ಸೀತಾಳೆದಂಡೆಯೆಂಬ ಹೆಸರುಂಟು. ಆ ಒಂದು ಹೆಸರಿಗೆ ಒಳಪಟ್ಟ ಗಿಡಗಳು ಒಂದಕ್ಕಿಂತ ಹೆಚ್ಚು. ಅವುಗಳಲ್ಲಿ ಸಸ್ಯಶಾಸ್ತ್ರಜ್ಞರು ಏರಿಡೀಸ್ ಎಂದು ಕರೆಯುವ ಆರ್ಕಿಡ್ಡಿನ ಆರೈಕೆಯನ್ನು ಕುರಿತು ನಾವು ಇಂದು ಎರಡು ಮಾತು ಹೇಳಬೇಕೆಂದಿದ್ದೇವೆ.

ಮರದ ಮೇಲೆ ಬೆಳೆಯುವುದರಿಂದ ಇದನ್ನು ಬದನಿಕೆಯೆಂದು ಭಾವಿಸುವವರು ಬಹಳ ಮಂದಿ. ಬದನಿಕೆಯು ಕೊಂಬೆಯೊಳಕ್ಕೆ ಬೇರು ಚುಚ್ಚಿ ಮರದ ರಸವನ್ನು ಹೀರತಕ್ಕದ್ದು. ಆರ್ಕಿಡ್ಡಾದರೋ ತೊಗಟೆಯನ್ನು ತಬ್ಬಿ ಹಿಡಿದಿರುವುದೇ ಹೊರತು ಮರದಿಂದ ಏನನ್ನೂ ಕದಿಯದು. ಅದಕ್ಕೆ ಬೇಕಾದುದು ಬೆಳಕು, ಮಳೆ, ಮಂಜು, ಎಲ್ಲಕ್ಕೂ ಮಿಗಿಲಾಗಿ ಚಲಿಸುವ ಗಾಳಿ. ಪೋರ್ಚುಗಲ್ಲಿನ ಪಾದ್ರಿ ಲೊರೇರೊ ಎಂಬಾತನು ಕೊಚಿನ್‌ಚೈನಾ ದೇಶದ ಗಿಡಮೂಲಿಕೆಗಳನ್ನು ಕುರಿತು ೧೭೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕುಲಕ್ಕೆ ಹೆಸರಿಟ್ಟನು. ಅದರ ಅರ್ಥ ಗಾಳಿಯ ಕೂಸು ಎಂದೇ. ಮಣ್ಣಿಲ್ಲದೆ ಬರಿಯ ಗಾಳಿಯಲ್ಲಿ ತೂಗುಹಾಕಿದರೂ ಬಾಳಿ ಹೂಬಿಡುವ ಅದರ ಗುಣ ಅವನನ್ನು ಬೆರಗುಗೊಳಿಸಿತ್ತು.

ಹೆಸರಿನಲ್ಲಿಯೇ ಇದ್ದ ಈ ಗುಟ್ಟು ಇಂಗ್ಲೆಂಡಿನ ತೋಟಗಾರರಿಗೆ ಬಹುಕಾಲ ತಿಳಿಯಲಿಲ್ಲ. ಉಷ್ಣದೇಶದ ಗಿಡವೆಂದ ಮೇಲೆ ಸೆಕೆಯೇ ಬೇಕೆಂದು ಬಗೆದು, ಗಾಜಿನ ಮನೆಯಲ್ಲಿ ಬೆಂಕಿ ಹಾಕಿ, ಕಿಟಕಿ ಮುಚ್ಚಿ, ಸಾವಿರಾರು ಆರ್ಕಿಡ್ಡುಗಳನ್ನು ಬೇಯಿಸಿ ಕೊಂದರು. ಡೆವನ್‌ಷೈರಿನ ಡ್ಯೂಕನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ನನು ಶಾಖವನ್ನು ತಗ್ಗಿಸಿ ಗಾಳಿಯಾಡಗೊಟ್ಟ ಮೇಲೆಯೇ ಪರಿಸ್ಥಿತಿ ತಿರುಗಿತು. ಅದೇ ಡ್ಯೂಕನು ಗಿಬ್ಸನ್ ಎಂಬ ತರುಣನನ್ನು ೧೮೩೫ರಲ್ಲಿ ನಮ್ಮ ದೇಶಕ್ಕೆ ಕಳುಹಿಸಲು, ಅವನು ಖಾಸಿ ಬೆಟ್ಟಗಳಿಂದ ಆರ್ಕಿಡ್ಡುಗಳ ದೊಡ್ಡ ಸಂಗ್ರಹವನ್ನೇ ಕೊಂಡು ೧೮೩೭ರಲ್ಲಿ ಹಿಂದಿರುಗಿದನು.

ನಮ್ಮ ಪಟ್ಟಣಗಳಲ್ಲಿ ಈ ಗಿಡ ಸಾಯುವುದು ಉಪೇಕ್ಷೆಯಿಂದಲ್ಲ, ಉಪಚಾರದಿಂದ. ತಂದವರು ಒಳ್ಳೆಯ ಕುಂಡಕ್ಕೆ ಕೆಮ್ಮಣ್ಣು, ಗೊಬ್ಬರ ತುಂಬಿ, ಬೇರನ್ನು ಹೂತು, ಎರಡು ಹೊತ್ತು ನೀರೆರೆಯುವರು. ಬೇರು ಉಸಿರುಕಟ್ಟಿ ಕೊಳೆಯುವುದು. ಆ ಬೇರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅದರ ಸುತ್ತಲೂ ಸ್ಪಂಜಿನಂಥ ಬಿಳಿಯ ಹೊದಿಕೆಯಿದೆ. ಮಳೆಹನಿ ಬಿದ್ದೊಡನೆ ಅದು ನೀರನ್ನು ಹೀರಿ, ಒಳಗಿನ ಹಸುರು ಹೊರತೋರುವುದು. ಒಣಗಿದಾಗ ಮತ್ತೆ ಬೆಳ್ಳಿಯ ಬಣ್ಣ. ಯಾವಾಗ ನೀರು ಹಾಕಬೇಕೆಂದು ನಾವು ಯಾರನ್ನೂ ಕೇಳಬೇಕಾಗಿಲ್ಲ, ಬೇರೇ ಹೇಳುತ್ತದೆ. ಹಸುರಾಗುವವರೆಗೆ ಚಿಮುಕಿಸಿ, ಬೆಳ್ಳಗಾಗುವವರೆಗೆ ಬಿಡುವುದು. ಮಾಗಿಯಲ್ಲಿ ನೀರು ಕಡಿಮೆ ಸಾಕು. ಮಾರ್ಚಿ ಏಪ್ರಿಲಿನ ಒಣಗಾಳಿಗೆ ಬೆಳಗಿನ ಹೊತ್ತು ದಿನವೂ ಬೇಕು. ಸಂಜೆ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುವ ಭಯವುಂಟು. ಮಳೆಯ ನೀರು ಸಿಕ್ಕರೆ ಅದೇ ಲೇಸು.

ಹಿತ್ತಲಲ್ಲಿ ಮರವಿದ್ದರೆ ಅದಕ್ಕೆ ಕಟ್ಟುವುದೇ ಉತ್ತಮ. ತೊಗಟೆ ಉದುರಿಸುವ ಸೀಬೆ, ನೀಲಗಿರಿಗಳು ಆಗವು. ಒರಟು ತೊಗಟೆಯ ಮಾವು, ಹಲಸುಗಳು ಆದೀತು, ಆದರೆ ಎಲೆಯ ದಟ್ಟಣೆಯೊಳಗಲ್ಲ, ಬೆಳಗಿನ ಎಳೆಬಿಸಿಲು ತಾಗುವ ಮಗ್ಗುಲಲ್ಲಿ. ತೆಂಗಿನ ನಾರಿನ ಹುರಿಯಿಂದ ಅಲುಗಾಡದಂತೆ ಬಿಗಿದರೆ ಹೊಸ ಬೇರು ತಾನೇ ಹಿಡಿದುಕೊಳ್ಳುವುದು. ಮರವಿಲ್ಲದವರು ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆಚೂರುಗಳನ್ನು ಸಡಿಲವಾಗಿ ಹಾಕಿ ಜಗಲಿಯಲ್ಲಿ ತೂಗುಬಿಡಬಹುದು. ಬುಟ್ಟಿ ಜೀರ್ಣವಾದರೆ ಬೇರನ್ನು ಕಿತ್ತು ಬಿಡಿಸುವ ಸಾಹಸ ಬೇಡ. ಅದನ್ನು ಇದ್ದಂತೆಯೇ ದೊಡ್ಡದೊಂದು ಬುಟ್ಟಿಯೊಳಗೆ ಇಡುವುದು. ಎಲೆ ಕಪ್ಪುಹಸುರಾಗಿ ಸೊಂಪಾಗಿದ್ದು ಹೂ ಬಾರದಿದ್ದರೆ ಬೆಳಕು ಸಾಲದೆಂದು ತಿಳಿಯಬೇಕು. ಬಸವನಹುಳು ಬೇರಿನ ಎಳೆಯ ತುದಿಯನ್ನು ರಾತ್ರಿ ಬಂದು ಮೇಯುವುದು. ದೀಪ ಹಿಡಿದು ಹೆಕ್ಕುವುದಕ್ಕಿಂತ ಬೇರೆ ಮದ್ದು ನಮಗೆ ಹಿಡಿಸಿಲ್ಲ.

ಇಷ್ಟಕ್ಕೂ ಗಿಡವನ್ನು ತರುವುದೆಲ್ಲಿಂದ? ಕೊಂಬೆ ಕಡಿದು ಕಾಡಿನಿಂದ ತಂದದ್ದನ್ನು ಮಾರುವವರುಂಟು, ಕೊಳ್ಳುವವರೂ ಉಂಟು. ಇದರ ನಷ್ಟ ಎಷ್ಟೆಂಬುದು ಬೀಜದ ಸ್ಥಿತಿಯನ್ನು ಅರಿತವರಿಗೆ ಗೊತ್ತು. ಒಂದು ಕಾಯಿಯಲ್ಲಿ ಧೂಳಿನಂಥ ಬೀಜಗಳು ಲೆಕ್ಕವಿಲ್ಲದಷ್ಟಿದ್ದರೂ ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರದ ಬುತ್ತಿಯೇ ಇಲ್ಲ. ಅಣಬೆಯ ಜಾತಿಯ ಸೂಕ್ಷ್ಮ ತಂತುವೊಂದು ಬಂದು ಉಣಿಸಿದರೆ ಮಾತ್ರ ಬದುಕು. ಈ ಸಂಬಂಧವನ್ನು ಫ್ರಾನ್ಸಿನ ನೋಯೆಲ್ ಬೆರ್ನಾರನು ೧೮೯೯ರಲ್ಲಿ ಕಂಡುಹಿಡಿದನು. ಕಾಡಿನಲ್ಲಿ ಹೂಬಿಡುವ ಒಂದು ಗಿಡವೆಂದರೆ ಮಣ್ಣುಪಾಲಾದ ಅಸಂಖ್ಯ ಬೀಜಗಳಲ್ಲಿ ಉಳಿದ ಒಂದು. ೧೯೨೨ರಲ್ಲಿ ಅಮೆರಿಕದ ಲೂಯಿಸ್ ಕ್ನುಡ್‌ಸನ್ನನು ತಂತುವಿನ ಹಂಗಿಲ್ಲದೆಯೇ, ಸಕ್ಕರೆ ಲವಣಗಳನ್ನು ಸೇರಿಸಿದ ಅಗರಿನ ಮೇಲೆ, ಶೀಸೆಯೊಳಗೆ ಬೀಜವನ್ನು ಮೊಳೆಯಿಸಿ ತೋರಿಸಿದ ಮೇಲೆ ಕಾಡನ್ನು ಸೂರೆಮಾಡುವುದಕ್ಕೆ ಯಾವ ನೆಪವೂ ಉಳಿದಿಲ್ಲ.

ಕೊಳ್ಳುವಾಗ ಬೇರನ್ನು ನೋಡಿರಿ. ತುಂಡಾದ ಬೇರುಗಳಿಗೆ ತೊಗಟೆಯ ಚೂರು, ಪಾಚಿ ಅಂಟಿಕೊಂಡಿದ್ದು, ಎಲೆಗಳು ಹಳತಾಗಿ ಹರಿದು ಕಲೆಗಟ್ಟಿದ್ದರೆ ಅದು ಬಹುಮಟ್ಟಿಗೆ ಕಾಡಿನ ಗಿಡ. ಶೀಸೆಯಲ್ಲಿ ಹುಟ್ಟಿ ಸಸಿತೋಟದಲ್ಲಿ ಬೆಳೆದದ್ದು ಚಿಕ್ಕದಾಗಿ, ಒಂದೇ ಅಳತೆಯ ಹತ್ತಾರು ಸಸಿಗಳ ನಡುವೆ ನಿಂತಿರುತ್ತದೆ. ಹೂವಿಗೆ ಕೆಲವು ವರ್ಷ ಕಾಯಬೇಕಾದೀತು.