ದೂರದ ಗುರಿ, ಪುಟ್ಟ ಉಂಗುರ



1860ರ ಜುಲೈ 2ರಂದು ಲಂಡನ್ನಿನ ಹೊರವಲಯದ ವಿಂಬಲ್ಡನ್ ಬಯಲಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆ ಆರಂಭವಾಯಿತು. ಮೊದಲ ಗುಂಡು ಹಾರಿಸಿದವಳು ವಿಕ್ಟೋರಿಯಾ ರಾಣಿ. ಅದು 400 ಗಜ ದೂರದ ಗುರಿಹಲಗೆಯ ನಡುಬಿಂದುವಿನಿಂದ ಒಂದೂಕಾಲು ಇಂಚು ಆಚೆಗೆ ನಾಟಿತು. ರಾಣಿಯೇನೂ ನುರಿತ ಗುರಿಕಾರಳಲ್ಲ. ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ತನ್ನ ರೈಫಲನ್ನು ಅಲುಗದಂತೆ ಆಸರೆಯೊಂದಕ್ಕೆ ಬಿಗಿದು, ಗುರಿಗೆ ಸರಿಯಾಗಿ ಹೊಂದಿಸಿಟ್ಟಿದ್ದ. ಆಕೆ ಟ್ರಿಗರ್‌ಗೆ ಕಟ್ಟಿದ್ದ ದಾರವನ್ನು ಎಳೆದಳು, ಅಷ್ಟೆ. ಅಂದು ಗೆದ್ದದ್ದು ಕಣ್ಣಲ್ಲ, ಬಿಗಿತ.

ದೂರದ ಗುರಿಗೆ ರೈಫಲ್ ದುರ್ಬೀನು, ಅಂದರೆ ಸ್ಕೋಪ್, ಆರಿಸುವವರು ಮೊದಲು ಮರೆಯುವುದು ಈ ಮಾತನ್ನೇ. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕೇಳುವವರು ಬಹಳ. ಅದನ್ನು ಬಂದೂಕಿನ ಮೇಲೆ ಹಿಡಿದಿಡುವುದು ಯಾವುದು ಎಂದು ಕೇಳುವವರು ವಿರಳ.

ದುರ್ಬೀನಿನೊಳಗೆ ಗುರಿಗೆರೆ ಬಂದ ಕಥೆ ಸ್ವಾರಸ್ಯಕರ. 1640ರ ಸುಮಾರಿಗೆ ಇಂಗ್ಲೆಂಡಿನ ಯುವ ಖಗೋಳಾಸಕ್ತ ವಿಲಿಯಂ ಗ್ಯಾಸ್ಕಾಯ್ನ್‌ನ ದೂರದರ್ಶಕದೊಳಗೆ ಜೇಡವೊಂದು ನೂಲು ಎಳೆದಿತ್ತು. ಮಸೂರದ ಬೆಳಕು ಒಟ್ಟುಗೂಡುವ ಜಾಗದಲ್ಲಿಯೇ ಅದು ಬಿದ್ದಿದ್ದರಿಂದ ನೂಲೂ ಆಕಾಶವೂ ಒಟ್ಟಿಗೆ ಸ್ಪಷ್ಟವಾಗಿ ಕಂಡವು. ಅಡ್ಡಗೆರೆ, ನೆಟ್ಟಗೆರೆಗಳ ಮೂಲಕ ನಿಖರವಾಗಿ ಗುರಿ ಹಿಡಿಯಬಹುದೆಂದು ಅವನಿಗೆ ಹೊಳೆಯಿತು. 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಅವನು ಮಡಿದ. ಆ ಉಪಾಯ ಬಂದೂಕಿನ ಮೇಲೇರಲು ಎರಡು ಶತಮಾನ ಬೇಕಾಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಕೆಲವು ವಿಟ್‌ವರ್ತ್ ರೈಫಲುಗಳ ಎಡಮಗ್ಗುಲಿಗೆ ಡೇವಿಡ್‌ಸನ್ ಎಂಬವನ ಹೆಸರಿನ ದುರ್ಬೀನು ಕೂತಿತ್ತು.

ಇಂದು ದುರ್ಬೀನನ್ನು ಕ್ರೀಡೆಗೆ ಬಳಸುವ ಸ್ಪರ್ಧೆಗಳಲ್ಲಿ 'ಎಫ್ ಕ್ಲಾಸ್' ಮುಖ್ಯವಾದುದು. ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಇದನ್ನು ರೂಪಿಸಿದ. 'ಎಫ್' ಅವನ ಹೆಸರಿನ ಮೊದಲಕ್ಷರ. ವಯಸ್ಸಾಗಿ ಕಣ್ಣು ಮಂಜಾದವರೂ ಮಲಗಿ, ರೈಫಲಿಗೆ ಆಸರೆ ಕೊಟ್ಟು, 1,000 ಗಜದವರೆಗೆ ಗುರಿ ಹಿಡಿಯಬಹುದು. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವಿಲ್ಲ.

ಇಂಥ ಸ್ಪರ್ಧೆಗೆ ದುರ್ಬೀನು ಹೇಗಿರಬೇಕು? ಹಿಗ್ಗುವ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಭ್ರಮೆ. ಬಿಸಿಲೇರಿದಾಗ ನೆಲದಿಂದೇಳುವ ಗಾಳಿಯ ನಡುಕವೂ ಅಷ್ಟೇ ಪಟ್ಟು ಹಿಗ್ಗಿ, ಗುರಿ ನೀರಿನೊಳಗಿನ ಬಿಂಬದಂತೆ ಅಲೆಯತೊಡಗುತ್ತದೆ. ಬೆಳಕಿನ ಲೆಕ್ಕವೂ ಉಂಟು. ಮುಂದಿನ ಮಸೂರದ ವ್ಯಾಸವನ್ನು ಹಿಗ್ಗುವ ಶಕ್ತಿಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 56 ಮಿಲಿಮೀಟರ್ ಮಸೂರ 8 ಪಟ್ಟು ಹಿಗ್ಗಿಸಿದರೆ 7 ಮಿಲಿಮೀಟರ್. 28 ಪಟ್ಟು ಹಿಗ್ಗಿಸಿದರೆ ಬರೀ 2. ಆಗ ಚಿತ್ರ ಮಂಕಾಗುತ್ತದೆ, ತಲೆ ತುಸು ಸರಿದರೂ ಕಪ್ಪು ಕವಿಯುತ್ತದೆ.

ಇನ್ನು ಕೊಳವೆ. 30 ಅಥವಾ 34 ಮಿಲಿಮೀಟರಿನ ದಪ್ಪ ಕೊಳವೆಯಿಂದ ಬೆಳಕು ಹೆಚ್ಚುತ್ತದೆಂದು ಹಲವರು ನಂಬಿದ್ದಾರೆ. ಅದರ ನಿಜವಾದ ಪ್ರಯೋಜನ ಬೇರೆ: ಗುರಿಗೆರೆಯನ್ನು ಮೇಲೆ ಕೆಳಗೆ ಸರಿಸಲು ಒಳಗೆ ಹೆಚ್ಚು ಜಾಗ ಸಿಗುತ್ತದೆ. 100 ಗಜಕ್ಕೆ ಸರಿಮಾಡಿಟ್ಟ ಸಾಮಾನ್ಯ .308 ರೈಫಲಿನ ಗುಂಡು 1,000 ಗಜ ತಲುಪುವಾಗ ನೋಟದ ರೇಖೆಯಿಂದ ಒಂಬತ್ತು ಹತ್ತು ಮೀಟರ್ ಕೆಳಗಿಳಿದಿರುತ್ತದೆ. ಅಷ್ಟನ್ನೂ ತಿರುಪುಗುಂಡಿಯಿಂದ ಸರಿದೂಗಿಸಬೇಕು. ಅದು ಸಾಲದಾದಾಗ ತುಸು ಮುಂದಕ್ಕೆ ಬಾಗಿದ ಪೀಠದ ಮೇಲೆ ದುರ್ಬೀನನ್ನು ಕೂರಿಸುತ್ತಾರೆ. ಬಾಗು ಎಷ್ಟು? ಸಾಮಾನ್ಯವಾಗಿ 20 ಕಲೆ, ಅಂದರೆ ಒಂದು ಡಿಗ್ರಿಯ ಮೂರನೇ ಒಂದು ಪಾಲು.

ಈಗ ಉಂಗುರಗಳಿಗೆ ಬರೋಣ. ದುರ್ಬೀನನ್ನು ಪೀಠಕ್ಕೆ ಹಿಡಿದಿಡುವ ಈ ಎರಡು ಲೋಹದ ಬಳೆಗಳ ನಡುವಿನ ಅಂತರ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಬಳೆ ಮಿಲಿಮೀಟರಿನ ಹತ್ತನೇ ಒಂದು ಪಾಲು, ಅಂದರೆ ಕಾಗದದ ಒಂದು ಹಾಳೆಯಷ್ಟು, ಜರುಗಿದರೆ ನೋಟ ಸಾವಿರದಲ್ಲಿ ಒಂದರಷ್ಟು ಓರೆಯಾಗುತ್ತದೆ. 1,000 ಗಜದಲ್ಲಿ ಅದು ಪೂರ್ತಿ ಒಂದು ಗಜ! ಹತ್ತು ಅಂಕ ಸಿಗುವ ವೃತ್ತದ ವ್ಯಾಸವೇ ಅಲ್ಲಿ 10 ಇಂಚು. ಯಾವಾಗಲೂ ಒಂದೇ ರೀತಿ ಇರುವ ಓರೆಯನ್ನು ತಿರುಪಿನಿಂದ ತಿದ್ದಬಹುದು. ಗುಂಡಿನಿಂದ ಗುಂಡಿಗೆ ಬದಲಾಗುವ ಓರೆಗೆ ಮದ್ದಿಲ್ಲ. ಗಾಳಿಯದು ತಪ್ಪೋ, ಕೈಯದು ತಪ್ಪೋ, ಬಳೆಯದು ತಪ್ಪೋ ತಿಳಿಯದೆ ಗುರಿಕಾರ ತನ್ನನ್ನೇ ಶಂಕಿಸತೊಡಗುತ್ತಾನೆ.

ಆದ್ದರಿಂದ ಉಂಗುರದ ಅಳತೆ ಕೊಳವೆಯ ಅಳತೆಗೆ ಸರಿಯಾಗಿರಬೇಕು. ಮುಂದಿನ ಮಸೂರ ನಳಿಗೆಗೆ ತಗಲದಷ್ಟು, ಕೆನ್ನೆ ಮರಕ್ಕೊರಗಿದಾಗ ಕಣ್ಣು ತಾನಾಗಿ ನೇರಕ್ಕೆ ಬರುವಷ್ಟು ಎತ್ತರವಿದ್ದರೆ ಸಾಕು. ಸ್ಕ್ರೂಗಳನ್ನು ಅಂದಾಜಿನಿಂದ ತಿರುಗಿಸದೆ, ತಯಾರಕರು ಹೇಳಿದ ಬಿಗಿತಕ್ಕೆ ಅಳತೆಯ ಸ್ಕ್ರೂಡ್ರೈವರಿನಿಂದ ಬಿಗಿಯಬೇಕು. ಹೆಚ್ಚು ಬಿಗಿದರೆ ಕೊಳವೆ ನಗ್ಗುತ್ತದೆ, ಕಡಿಮೆಯಾದರೆ ಪ್ರತಿ ಹೊಡೆತದ ಒದೆತಕ್ಕೆ ಜಾರುತ್ತದೆ. ನೆಟ್ಟಗೆರೆಯನ್ನು ಗಾರೆಯವರ ತೂಗುಗುಂಡಿನ ದಾರಕ್ಕೆ ಹೊಂದಿಸಿ ಕೂರಿಸುವುದು ಲೇಸು. ಅದು ಮೂರು ಡಿಗ್ರಿ ವಾಲಿದ್ದರೆ, ಒಂಬತ್ತು ಮೀಟರ್ ಮೇಲೆತ್ತುವಾಗ ಗುಂಡು ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಹೋಗುತ್ತದೆ.

ಕೊನೆಗೊಂದು ಪರೀಕ್ಷೆ. ಗುರಿಗೆರೆಯನ್ನು ಮೇಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ ಸಮನಾಗಿ ಸರಿಸುತ್ತ ಚೌಕದ ಪ್ರತಿ ಮೂಲೆಯಲ್ಲೂ ಗುಂಡು ಹಾರಿಸಬೇಕು. ಸುತ್ತು ಮುಗಿದಾಗ ಗುಂಡು ಮೊದಲಿನ ರಂಧ್ರದ ಬಳಿಗೇ ಮರಳಿದರೆ ದುರ್ಬೀನೂ ಉಂಗುರವೂ ನಂಬಿಕೆಗೆ ಅರ್ಹ.

ಇದು ಬರೀ ಅಂಕದ ಮಾತಲ್ಲ. ಗುರಿ ತಪ್ಪಿದ ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ಅದಕ್ಕೆಂದೇ ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ ಎಬ್ಬಿಸಿರುತ್ತಾರೆ. ದುರ್ಬೀನಿನಿಂದ ಸುಮ್ಮನೆ ಅತ್ತಿತ್ತ ನೋಡುವವನು ನಳಿಗೆಯನ್ನೂ ಅತ್ತಲೇ ತಿರುಗಿಸಿರುತ್ತಾನೆ. ನೋಡುವುದಕ್ಕೆ ಬೇರೆ ದುರ್ಬೀನಿದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತದೆ ನಮ್ಮ ಗಾದೆ. ದುರ್ಬೀನು ಆ ಬೆಟ್ಟವನ್ನು ಹತ್ತಿರ ತಂದು ತೋರಿಸೀತು. ಆದರೆ ದೂರವನ್ನು ಒಂದು ಗೇಣೂ ಕಡಿಮೆ ಮಾಡಲಾರದು. ಗುಂಡು ಆ ದೂರವನ್ನೆಲ್ಲ ಕ್ರಮಿಸಿಯೇ ಹೋಗಬೇಕು. ಅದು ಸರಿಯಾದ ಕಡೆ ಹೊರಡುವಂತೆ ನೋಡಿಕೊಳ್ಳುವುದು, ಯಾರ ಕಣ್ಣಿಗೂ ಬೀಳದ ಎರಡು ಪುಟ್ಟ ಉಂಗುರಗಳು.